ಗ್ರಾಂಟ್ ರೋಡಿನಲ್ಲಿ ಶನಿವಾರದ ಪಾಠ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮ ಬಾಗಿಲಿಂದ ಹೊರಬಿದ್ದರೆ ಮೊದಲು ಎದುರಾಗುವುದು ತರಕಾರಿ. ಭಾಜಿ ಗಲ್ಲಿಯ ಮೆಂತ್ಯ, ಕೊತ್ತಂಬರಿ ಕಟ್ಟುಗಳ ನಡುವೆ ಭುಜ ಓರೆ ಮಾಡಿಕೊಂಡು ನುಸುಳಿ ನಾನಾ ಚೌಕಕ್ಕೆ ಬನ್ನಿ. ಶನಿವಾರ, ಮಧ್ಯಾಹ್ನ ಮೂರು ಗಂಟೆ. ದುಂಡಗಿನ ಸ್ಕೈವಾಕಿನ ನೆರಳಲ್ಲಿ ಕಾನೂನು ಕಾಲೇಜಿನ ಕಡೆಯ ವರ್ಷದ ಐದಾರು ಹುಡುಗ ಹುಡುಗಿಯರು ನಿಂತಿದ್ದಾರೆ. ಕಪ್ಪು ಕೋಟು ಯಾರೂ ಹಾಕಿಲ್ಲ. ಹಾಕಕೂಡದೆಂದು ಮ್ಯಾಡಮ್ ಮೊದಲೇ ಹೇಳಿದ್ದಾರೆ. ವಕೀಲರಲ್ಲದವರು ವಕೀಲರಂತೆ ಕಾಣಿಸಿಕೊಳ್ಳಬಾರದು. ಈ ದಿನದ ಮೊದಲ ಪಾಠ ಉಡುಪಿನಲ್ಲೇ ಮುಗಿಯಿತು.

ಮ್ಯಾಡಮ್ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ಲಿನಲ್ಲಿರುವ ವಕೀಲೆ, ಮರಾಠಿಯವರು. ಗುಂಪಿನಲ್ಲಿ ಒಬ್ಬ ಕನ್ನಡದ ಹುಡುಗಿ, ವಿಜಯಪುರದ ಕಡೆಯವಳು. ನೀವು ಅವಳ ಪಕ್ಕದಲ್ಲೇ ನಡೆಯಿರಿ. ಇಲ್ಲಿ ಯಾರ ಹೆಸರೂ ಬರುವುದಿಲ್ಲ. ಊರು, ವಯಸ್ಸು, ಗುರುತುಗಳನ್ನೂ ಅದಲು ಬದಲು ಮಾಡಿಯೇ ಇಡಲಾಗಿದೆ. ಹೀಗೇಕೆಂಬುದು ದಾರಿಯಲ್ಲಿ ತಾನಾಗಿ ತಿಳಿಯುತ್ತದೆ.

ಮ್ಯಾಡಮ್ ಗಾಮದೇವಿಯ ಕಡೆ ಕೈ ತೋರಿಸುತ್ತಾರೆ. ಹತ್ತು ನಿಮಿಷ ನಡೆದರೆ ಲ್ಯಾಬರ್ನಮ್ ರಸ್ತೆಯ ಮಣಿ ಭವನ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗಲೆಲ್ಲ ಇಳಿಯುತ್ತಿದ್ದ ಮನೆ. ಆದರೆ ಮ್ಯಾಡಮ್ ಹೇಳುವುದು ಅದಕ್ಕೂ ಹಿಂದಿನ ಗಾಂಧಿಯ ಕಥೆ. 1891ರಲ್ಲಿ ವಿಲಾಯತಿಯಿಂದ ಬ್ಯಾರಿಸ್ಟರಾಗಿ ಬಂದವರಿಗೆ ಈ ಊರಲ್ಲಿ ಕೆಲಸ ಸಿಗಲಿಲ್ಲ. ಮಮೀಬಾಯಿ ಎಂಬಾಕೆಯ ಕೇಸು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಕೈಗೆ ಬಂದಾಗ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದರು. ತಿಂಗಳಿಗೆ ಮೂರು ನಾಲ್ಕು ಸಾವಿರ ದುಡಿಯುವ ದೊಡ್ಡ ವಕೀಲರೇ ಕೊಡುತ್ತಾರೆ, ನಿಮ್ಮದೇನು ಎಂದರು. ಗಾಂಧಿ ಕೊಡಲಿಲ್ಲ. ಮೂವತ್ತು ರೂಪಾಯಿ ಫೀಸಿಗೆ ನಿಂತರು. ಪಾಟೀಸವಾಲಿಗೆ ಎದ್ದಾಗ ತಲೆ ಸುತ್ತಿ ಬಾಯಿ ಕಟ್ಟಿತು. ತಮ್ಮಿಂದಾಗದು, ಬೇರೆ ವಕೀಲರನ್ನು ಹಿಡಿಯಿರಿ ಎಂದು ಹೇಳಿ ಕೂತುಬಿಟ್ಟರು.

"ಈ ಕಥೆಯಲ್ಲಿ ನೀತಿ ಎಲ್ಲಿದೆ?" ಮ್ಯಾಡಮ್ ಕೇಳುತ್ತಾರೆ.

"ಕಮಿಷನ್ ಕೊಡಲಿಲ್ಲವಲ್ಲ, ಅಲ್ಲಿ."

"ಅದು ಅರ್ಧ. ಕೈಲಾಗದ ಕೇಸನ್ನು ಇಟ್ಟುಕೊಳ್ಳದೆ ಇನ್ನೊಬ್ಬರಿಗೆ ಬಿಟ್ಟರಲ್ಲ, ಅದು ಉಳಿದರ್ಧ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ."

ಫ್ರೇರ್ ಸೇತುವೆ ಹತ್ತಿ ಪೂರ್ವಕ್ಕೆ ದಾಟುತ್ತೇವೆ. ಕೆಳಗೆ ವಿರಾರ್ ಲೋಕಲ್ ಸದ್ದು ಮಾಡಿ ಹೋಗುತ್ತದೆ. ಬಲಕ್ಕೆ ತಿರುಗಿದ್ದರೆ ಆಪೆರಾ ಹೌಸ್, ಗಿರ್‌ಗಾಂವ್, ಪ್ರಾರ್ಥನಾ ಸಮಾಜ. ಆ ದಿಕ್ಕು ಕನ್ನಡಿಗರಿಗೆ ಪರಕೀಯವಲ್ಲ. ಹೊನ್ನಾವರದಲ್ಲಿ ಹುಟ್ಟಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾದ ನಾರಾಯಣ ಚಂದಾವರ್ಕರ್ ಪ್ರಾರ್ಥನಾ ಸಮಾಜದ ಮುಂದಾಳು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆ 1906ರಲ್ಲಿ ದಲಿತ ಮಕ್ಕಳ ಶಾಲೆಗಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಅಧ್ಯಕ್ಷರಾಗಿ ನಿಂತವರೂ ಚಂದಾವರ್ಕರರೇ. ಚುಟುಕಗಳ ದಿನಕರ ದೇಸಾಯಿ ಮುಂಬೈಯಲ್ಲೇ ಕಾನೂನು ಓದಿ, ಕರಿಕೋಟಿನ ದಾರಿ ಹಿಡಿಯದೆ, ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜ ಸೇರಿದರು. ಹಡಗಿನ ಕೂಲಿಗಳ ನಡುವೆ, ಆಮೇಲೆ ಉತ್ತರ ಕನ್ನಡದ ಗೇಣಿದಾರರ ನಡುವೆ ದುಡಿದರು. ಕಾನೂನು ಓದಿದವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಈ ಓಣಿಗಳಲ್ಲಿ ನೂರು ವರ್ಷದಿಂದ ಉತ್ತರವಿದೆ.

ನಾವು ನೇರ ಹೋಗುತ್ತೇವೆ. ಲ್ಯಾಮಿಂಗ್ಟನ್ ರಸ್ತೆಯ ಚಾರ್ಜರು, ರೌಟರು, ಸಿಸಿಟಿವಿ ಅಂಗಡಿಗಳು ಹಿಂದೆ ಬೀಳುತ್ತವೆ. ಪೀಲಾ ಹೌಸ್ ದಾಟಿದ ಮೇಲೆ ಕಾಮಾಠಿಪುರದ ನಂಬರಿನ ಗಲ್ಲಿಗಳು. ನೀರಿನ ಪೀಪಾಯಿ, ಇಸ್ತ್ರಿ ಗಾಡಿ, ಒಣಗುತ್ತಿರುವ ಸೀರೆ. ಒಂದು ಕಟ್ಟಡದ ನೆಲ ಅಂತಸ್ತಿನ ಕೋಣೆಯಲ್ಲಿ ಎರಡು ಬೆಂಚು, ಒಂದು ಮೇಜು. ಕಾಲೇಜಿನ ಕಾನೂನು ನೆರವು ಕೇಂದ್ರ ವಾರಕ್ಕೊಮ್ಮೆ ಇಲ್ಲಿಗೆ ಬಂದು ಕೂರುತ್ತದೆ.

ಹೀಗೆ ಬರುವುದು ದಾನವಲ್ಲ, ಕಟ್ಟಳೆ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ಕಾನೂನು ಕಾಲೇಜೂ ಹಿರಿಯ ಅಧ್ಯಾಪಕರ ಉಸ್ತುವಾರಿಯಲ್ಲಿ ಕಡೆಯ ವರ್ಷದ ವಿದ್ಯಾರ್ಥಿಗಳಿಂದ ಕಾನೂನು ನೆರವು ಕೇಂದ್ರ ನಡೆಸಬೇಕು. ವೃತ್ತಿನೀತಿ ಕಡ್ಡಾಯ ವಿಷಯ. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್. ಅದರ ಡೈರಿಗೆ ಅಂಕವೂ ಉಂಟು. ವಕೀಲರಿಗಿರುವ ನಡಾವಳಿ ನಿಯಮಗಳಲ್ಲಿ 46ನೆಯದು ಬಡವರಿಗೆ ಶುಲ್ಕವಿಲ್ಲದೆ ನೆರವಾಗುವುದನ್ನು ವಕೀಲನ ಅತಿ ದೊಡ್ಡ ಹೊಣೆಗಳಲ್ಲಿ ಒಂದೆಂದು ಎಣಿಸುತ್ತದೆ.

ಕೋಣೆ ಕೊಟ್ಟವಳು ಘರ್‌ವಾಲಿ, ವೇಶ್ಯಾಗೃಹದ ಯಜಮಾನಿ. ಚಹಾ ತರಿಸಿದ್ದಾಳೆ. ಮೊದಲ ಹೆಂಗಸು ಬಂದು ಬೆಂಚಿನ ತುದಿಗೆ ಕೂತ ಕೂಡಲೇ ಘರ್‌ವಾಲಿಯೂ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂರುತ್ತಾಳೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಜಾಗ ಅವಳದು, ಚಹಾ ಅವಳದು.

ಮ್ಯಾಡಮ್ ಹುಡುಗರ ಕಡೆ ನೋಡುತ್ತಾರೆ. "ನಮ್ಮ ಕಕ್ಷಿದಾರರು ಯಾರು?"

ಎರಡು ಕ್ಷಣ ಬೇಕಾಗುತ್ತದೆ. ಒಬ್ಬ ಹುಡುಗ ಎದ್ದು, ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, "ಮೌಶಿ, ಇವರ ಮಾತು ಮುಗಿದ ಮೇಲೆ ನಿಮ್ಮ ಹತ್ತಿರ ಕೂರುತ್ತೇವೆ, ಸ್ವಲ್ಪ ಹೊರಗಿರುತ್ತೀರಾ" ಎನ್ನುತ್ತಾನೆ. ಘರ್‌ವಾಲಿಯ ಮುಖ ಗಂಟಾಗುತ್ತದೆ, ಆದರೆ ಏಳುತ್ತಾಳೆ. ಮುಂದಿನ ವಾರ ಈ ಕೋಣೆ ಸಿಗದೆಯೂ ಹೋಗಬಹುದು. ಹಾಗಾದರೆ ಬೇರೆ ಕಡೆ ಹುಡುಕಬೇಕು. ಉಪಕಾರ ಮಾಡಿದವರ ಎದುರು ಕಕ್ಷಿದಾರಳ ಗುಟ್ಟು ಬಿಚ್ಚುವಂತಿಲ್ಲ.

ಬಂದಾಕೆ ಕನ್ನಡದವಳು. ವಿಜಯಪುರದ ಹುಡುಗಿಯ ಮಾತು ಕೇಳಿ ಮುಖ ಅರಳಿದೆ.

"ನೀ ವಕೀಲ ಆಗಿಯೇನವ್ವಾ?"

"ಇನ್ನೂ ಆಗಿಲ್ಲರೀ ಅಮ್ಮಾ. ಓದಾಕತ್ತೀನಿ. ವಕೀಲರು ಇವ್ರು. ನಿಮ್ಮ ಮಾತು ಇವ್ರಿಗೆ ಮುಟ್ಟಸ್ತೀನಿ, ಅಷ್ಟ."

ಈ ಉತ್ತರ ಸಣ್ಣದೆನಿಸಬಹುದು. 1961ರ ವಕೀಲರ ಕಾಯ್ದೆಯಲ್ಲಿ ಸನ್ನದಿಲ್ಲದೆ ವಕೀಲಿಕೆ ಮಾಡಿದವರಿಗೆ ಆರು ತಿಂಗಳವರೆಗೆ ಸೆರೆ ಇದೆ. ಅದಕ್ಕಿಂತ ಹೆಚ್ಚಾಗಿ, ಎದುರು ಕೂತವಳಿಗೆ ತಾನು ಯಾರನ್ನು ನಂಬುತ್ತಿದ್ದೇನೆಂದು ಗೊತ್ತಿರಬೇಕು.

ಆಕೆಗೆ ಬೇಕಾದದ್ದು ಪಿಂಚಣಿ. ಮಹಾರಾಷ್ಟ್ರದಲ್ಲಿ ಬಡ ಮುದುಕರಿಗೆ ಶ್ರಾವಣ್ ಬಾಳ್ ಯೋಜನೆ ಇದೆ, 65 ತುಂಬಿರಬೇಕು. ಜನ್ಮದಾಖಲೆ ಇಲ್ಲ, ಆಧಾರ್ ಇಲ್ಲ.

"ಅರವತ್ತೈದು ಅಂತ ಬರಕೋ ಯವ್ವಾ. ಯಾರ್ ನೋಡ್ಯಾರ?"

ಹುಡುಗಿ ನಗುತ್ತಲೇ ಬೇರೆ ದಾರಿಯಿಂದ ಕೇಳುತ್ತಾಳೆ. "ಎಪ್ಪತ್ತೆರಡರ ಬರಗಾಲ ನೆನಪೈತೇನ್ರೀ?"

"ಇಲ್ದೇನು! ಜ್ವಾಳ ಸಿಗತಿದ್ದಿಲ್ಲ. ಅವ್ವ ಕಲ್ಲು ಒಡಿಯಾಕ ಹೋಕ್ಕಿದ್ಳು, ನಾ ತಮ್ಮನ್ನ ಕಟಗೊಂಡು ಗಿಡದ ಬುಡಕ ಕುಂದರತಿದ್ದೆ. ಏಳೆಂಟು ವರ್ಷದಾಕಿ ಇದ್ನೇನೋ."

ಲೆಕ್ಕ ಹಾಕಿದರೆ ಅರವತ್ತರ ಆಸುಪಾಸು. ಅರವತ್ತೈದು ಅಲ್ಲ. ಆಕೆ ಮುಂದುವರಿಸುತ್ತಾಳೆ, ದನಿ ಏರದೆ ಇಳಿಯದೆ.

"ಅದರ ಮ್ಯಾಲ ತಲ್ಯಾಗ ಜಡಿ ಬಂತು. ಎಲ್ಲಮ್ಮಗ ಮುತ್ತು ಕಟ್ಟಿದ್ರು. ಮೈನೆರೆದ ಮ್ಯಾಲ ಒಬ್ಬಾಕಿ ಇಲ್ಲಿಗೆ ಕರಕೊಂಡ ಬಂದ್ಳು. ಈಗ ಧಂಧೆ ಬಿಟ್ಟು ಭಾಳ ವರ್ಷ ಆತು. ಭಾಂಡಿ ತಿಕ್ಕತೀನಿ."

ಹುಡುಗಿ ಮ್ಯಾಡಮ್ ಕಡೆ ತಿರುಗಿ ಹಿಂದಿಯಲ್ಲಿ ಹೇಳುತ್ತಾಳೆ: ವಯಸ್ಸು ಅರವತ್ತರ ಹತ್ತಿರ, ಚಿಕ್ಕವಳಿದ್ದಾಗ ಊರು ಬಿಟ್ಟು ಬಂದವರು, ಪಾತ್ರೆ ತಿಕ್ಕಿ ಜೀವನ ಮಾಡುತ್ತಾರೆ.

ನಿಮಗೆ ಎರಡೂ ಭಾಷೆ ಬರುತ್ತದೆ. ಏನು ಬಿಟ್ಟುಹೋಯಿತೆಂದು, ಆ ಹುಡುಗಿಯನ್ನು ಬಿಟ್ಟರೆ, ಕೋಣೆಯಲ್ಲಿ ನಿಮಗೊಬ್ಬರಿಗೇ ಗೊತ್ತು.

ಪೆನ್ನು ಹಿಡಿದ ಹುಡುಗನೊಬ್ಬ ಮೆಲ್ಲಗೆ ಅನ್ನುತ್ತಾನೆ: "ಅರವತ್ತೈದು ಅಂತಲೇ ಬರೆದರೆ ಯಾರಿಗೆ ನಷ್ಟ, ಮ್ಯಾಡಮ್? ಇವರಿಗಿಂತ ಬಡವರು ಇನ್ಯಾರು?" ಅವನ ಕಣ್ಣಲ್ಲಿ ಕಪಟವಿಲ್ಲ, ಕನಿಕರವಿದೆ. ಸುಳ್ಳು ಅಫಿಡವಿಟ್ಟುಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ, ಒಳ್ಳೆಯ ಮನಸ್ಸಿನಿಂದ. ಸಿಕ್ಕಿಬಿದ್ದ ದಿನ ಮಾತ್ರ ಹೆಬ್ಬೆಟ್ಟು ಒತ್ತಿದವಳೇ ಉತ್ತರ ಕೊಡಬೇಕು.

ಮ್ಯಾಡಮ್ ಅವನಿಗೆ ಉತ್ತರ ಕೊಡುವುದಿಲ್ಲ. ಹುಡುಗಿಯನ್ನು ಕೇಳುತ್ತಾರೆ. "ಅವರು ಅಷ್ಟು ಹೊತ್ತು ಮಾತಾಡಿದರು. ನೀನು ಮೂರೇ ಮಾತಲ್ಲಿ ಮುಗಿಸಿದೆ. ಏನು ಬಿಟ್ಟೆ?"

ಹುಡುಗಿಯ ಕಿವಿ ಕೆಂಪಾಗುತ್ತದೆ. ಹುಡುಗರು ಇದ್ದಾರೆ, ನಮ್ಮ ಕಡೆಯ ಹೆಂಗಸು, ಹೇಗೆ ಹೇಳಲಿ ಎಂದು ತಡವರಿಸುತ್ತಾಳೆ. ಮ್ಯಾಡಮ್ ಉಳಿದವರನ್ನು ಬಾಗಿಲಾಚೆ ಕಳಿಸುತ್ತಾರೆ. ಆಮೇಲೆ, "ಮೊದಲು ಅವರನ್ನು ಕೇಳು. ಈ ಮಾತು ನನಗೆ ಹೇಳಬಹುದೇ ಎಂದು."

ಕೇಳಿದಾಗ ಆಕೆಗೆ ಅಚ್ಚರಿ. "ಹೇಳವ್ವಾ. ನಾ ಹೇಳಿದ್ದ ಅದಕ್ಕ."

ಹುಡುಗಿ ಹೇಳುತ್ತಾಳೆ, ಈ ಸಲ ಒಂದೂ ಬಿಡದೆ. ಮ್ಯಾಡಮ್ ಚೀಲದಿಂದ ಮಡಿಕೆ ಬಿದ್ದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಸಂಜಯ್ ಗಾಂಧಿ ನಿರಾಧಾರ್ ಅನುದಾನ ಯೋಜನೆಗೆ ಯಾರು ಅರ್ಹರೆಂಬ ಪಟ್ಟಿ. ಇದು 65 ತುಂಬದವರಿಗಾಗಿ ಇರುವ ಯೋಜನೆ. ವಿಧವೆಯರು, ಅಂಗವಿಕಲರು, ಅನಾಥ ಮಕ್ಕಳು ಎಂದು ಸಾಗುವ ಸಾಲಿನಲ್ಲಿ ವೇಶ್ಯಾವೃತ್ತಿಯಿಂದ ಬಿಡುಗಡೆಯಾದ ಮಹಿಳೆಯರು ಇದ್ದಾರೆ, ದೇವದಾಸಿಯರೂ ಇದ್ದಾರೆ.

ಸುಳ್ಳಿನ ಅಗತ್ಯವೇ ಇರಲಿಲ್ಲ. ಅನುವಾದದಲ್ಲಿ ಮರ್ಯಾದೆಗೆಂದು ನುಂಗಿದ ಮಾತೇ ಆಕೆಯ ಹಕ್ಕಿನ ಆಧಾರ.

ಆಧಾರ್ ಕಾರ್ಡಿಗೂ ದಾರಿ ಇದೆ. ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಲೈಂಗಿಕ ವೃತ್ತಿಯ ಮಹಿಳೆಯರ ಘನತೆಯ ಬಗ್ಗೆ ಆದೇಶ ಕೊಡುತ್ತಾ, ವಿಳಾಸದ ದಾಖಲೆಗೆ ಪಟ್ಟು ಹಿಡಿಯದೆ, ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕೆಂದು ಹೇಳಿತು. ಆಕೆಯ ಕಸುಬು ಕಾರ್ಡಿನಲ್ಲಿ ಗುರುತಾಗದಂತೆ ಗುಟ್ಟು ಕಾಯಬೇಕೆಂದೂ ಹೇಳಿತು. ಧಂಧೆ ಬಿಟ್ಟು ವರ್ಷಗಳಾದ ಈಕೆಗೆ ಆ ಪ್ರಮಾಣಪತ್ರ ಸಿಗುತ್ತದೆಯೇ? ಮ್ಯಾಡಮ್ ಆಗುತ್ತದೆ ಎನ್ನುವುದಿಲ್ಲ. "ವಿಚಾರಿಸಿ ಮುಂದಿನ ಶನಿವಾರ ಹೇಳುತ್ತೇವೆ ಎನ್ನು. ಒಂದು ತಿಂಗಳಲ್ಲಿ ಆಗುತ್ತದೆ ಎಂದೆಲ್ಲ ಹೇಳಬೇಡ."

ಆಕೆ ಸೆರಗಿನ ಗಂಟು ಬಿಚ್ಚಿ ನೂರರ ನೋಟು ತೆಗೆಯುತ್ತಾಳೆ. ಹುಡುಗಿ ಕೈ ಮುಗಿಯುತ್ತಾಳೆ. "ಬ್ಯಾಡ್ರೀ ಅಮ್ಮಾ. ಇದಕ್ಕ ರೊಕ್ಕ ಇಲ್ಲ." 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಹೆಂಗಸರಿಗೆ ಉಚಿತ ನೆರವು ಸಿಗಲು ಆದಾಯದ ಮಿತಿ ಇಲ್ಲ. ಅವಳು ನೋಟು ಹಿಂದಕ್ಕೆ ಗಂಟು ಹಾಕುವವರೆಗೂ ಹುಡುಗಿ ಕೈ ಇಳಿಸುವುದಿಲ್ಲ.

ಐದು ಗಂಟೆಗೆ ಮೇಜು ಖಾಲಿ. ಒಬ್ಬ ಹುಡುಗ ಡೈರಿಗೆಂದು ಮೊಬೈಲ್ ತೆಗೆದು ಕೋಣೆಯ ಫೋಟೋಕ್ಕೆ ಹವಣಿಸುತ್ತಾನೆ. ಮ್ಯಾಡಮ್ ತಲೆ ಅಲ್ಲಾಡಿಸುತ್ತಾರೆ. ಕಕ್ಷಿದಾರ ವಕೀಲನಿಗೆ ಹೇಳಿದ ಮಾತು ಹೊರಗೆ ಹೋಗಬಾರದೆಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ವಕೀಲರ ಗುಮಾಸ್ತರಿಗೂ ದುಭಾಷಿಗಳಿಗೂ ಅದು ಅನ್ವಯಿಸುತ್ತದೆ. ಇವತ್ತಿನ ದುಭಾಷಿ ವಿಜಯಪುರದ ಹುಡುಗಿ. ಅವಳ ಡೈರಿಯಲ್ಲಿ ತಾರೀಖು, ಕೆಲಸದ ಬಗೆ, ಯಾವ ಕಲಮು, ಮುಂದೇನು ಎಂಬ ನಾಲ್ಕು ಸಾಲು ಇರುತ್ತದೆ. ಹೆಸರು ಇರುವುದಿಲ್ಲ.

ಹಿಂದಿರುಗುವಾಗ ಹುಡುಗನೊಬ್ಬ ಘರ್‌ವಾಲಿಯ ಬಗ್ಗೆ ಕೇಳುತ್ತಾನೆ. ನಾಳೆ ಅವಳೂ ನೆರವು ಕೇಳಿ ಬಂದರೆ? ಮ್ಯಾಡಮ್ ಧಾರವಾಡಕ್ಕೆ ಸಂಬಂಧಿಸಿದ ಕೇಸೊಂದನ್ನು ನೆನೆಯುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಖೋಟಾ ಪದವಿಪತ್ರಕ್ಕೆ ಮೊಹರು ಮಾಡಿಸಲು ಮುಂಬೈಯಲ್ಲಿ ಹೊರಟು ಸಿಕ್ಕಿಬಿದ್ದವನು ಹೊಸ್ಕೋಟ್. ಹೈಕೋರ್ಟಿನ ತೀರ್ಪಿನ ನಕಲು ಜೈಲಿನಲ್ಲಿ ತನ್ನ ಕೈ ಸೇರಲಿಲ್ಲವೆಂಬುದು ಅವನ ದೂರು. ಸುಪ್ರೀಂ ಕೋರ್ಟಿಗೆ ಹೋಗುವ ಹೊತ್ತಿಗೆ ಮೂರು ವರ್ಷದ ಶಿಕ್ಷೆಯೇ ಮುಗಿದಿತ್ತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನ ಅರ್ಜಿಗೆ ಮನ್ನಣೆ ಕೊಡಲಿಲ್ಲ. ಆದರೆ ಅದೇ ತೀರ್ಪಿನಲ್ಲಿ, ಕೈದಿಗೆ ತೀರ್ಪಿನ ನಕಲನ್ನು ಪುಕ್ಕಟೆ ಕೊಡಬೇಕು, ಮೇಲ್ಮನವಿಗೆ ವಕೀಲರನ್ನೂ ಒದಗಿಸಬೇಕು ಎಂದರು. ದೇಶದ ಕೈದಿಗಳಿಗೆಲ್ಲ ದಕ್ಕಿದ ಹಕ್ಕು ಬಂದದ್ದು ಒಬ್ಬ ಖೋಟಾಗಾರನ ಕೇಸಿನಿಂದ. ಯಾರು ಯೋಗ್ಯರೆಂದು ತೂಗುವುದು ವಕೀಲರ ಕೆಲಸವಲ್ಲ. ಒಂದೇ ವ್ಯಾಜ್ಯದ ಎರಡೂ ಕಡೆ ನಿಲ್ಲಬಾರದು, ಅಷ್ಟೆ.

ನೀತಿಪಾಠವೆಂದರೆ ಒಳ್ಳೆಯವರಾಗಿ ಎಂಬ ಉಪದೇಶ ಎಂದು ನಮ್ಮ ಕಾಲೇಜುಗಳು ತಿಳಿದಿವೆ. ಈ ಮಕ್ಕಳು ಮೊದಲೇ ಒಳ್ಳೆಯವರು. ಅವರಿಗೆ ಬೇಕಾದದ್ದು ಪೂರ್ತಿ ಕೇಳುವ, ಪೂರ್ತಿ ಓದುವ ಅಭ್ಯಾಸ. ಕಾನೂನನ್ನು ಪೂರ್ತಿ ಓದದ ವಕೀಲನೇ ಮೊದಲು ಸುಳ್ಳಿಗೆ ಕೈ ಹಾಕುವುದು. ಮತ್ತೆ, ಹೇಳಿದ ದಿನ ಹಿಂದಿರುಗಿ ಬರಬೇಕು. ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಫೋಟೋ ಹೊಡೆದು ಹೋಗುವ ಒಂದು ದಿನದ ಶಿಬಿರದಲ್ಲಿ ಈ ಎರಡೂ ಬರುವುದಿಲ್ಲ.

ಮುಂಬೈಯ ಕನ್ನಡ ಸಂಘಗಳಲ್ಲಿ ವಕೀಲರಿಗೆ ಕೊರತೆಯಿಲ್ಲ. ಕಾನೂನು ಓದುವ ಮಕ್ಕಳೂ ಇದ್ದಾರೆ. ವಾರಕ್ಕೊಂದು ಸಂಜೆ, ಒಂದು ಮೇಜು, ಕನ್ನಡ ಬಲ್ಲ ಒಬ್ಬ ವಿದ್ಯಾರ್ಥಿ, ಮೇಲೆ ಒಬ್ಬ ಸನ್ನದುದಾರ ವಕೀಲರು. ಇಷ್ಟನ್ನು ಒದಗಿಸಿದರೆ ಸಾಕು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವವರಿಗೆ, ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಒಂದು ನಂಬರು ಬರೆದುಕೊಡಿ: 15100. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕರೆಗೆ ದುಡ್ಡಿಲ್ಲ.