ಹನ್ನೊಂದು ಗಂಟೆಯ ದೀಪ

ಯಲಹಂಕದ ಹೊಸ ಬಾಡಿಗೆ ಮನೆಗೆ ಬಂದ ಎರಡನೇ ತಿಂಗಳು, ಅಂದರೆ 2025ರ ಜುಲೈಯಲ್ಲಿ, ಮೀಟರ್ ಓದುವವನು ಬಾಗಿಲ ಸಂದಿಗೆ ಸಿಕ್ಕಿಸಿ ಹೋದ ಕರೆಂಟಿನ ಚೀಟಿಯನ್ನು ಮನೆಯ ಯಜಮಾನ ಎರಡೆರಡು ಸಲ ಓದಿದ. 164 ಯೂನಿಟ್. ಒಂದೂವರೆ ಸಾವಿರ ರೂಪಾಯಿಗೂ ಮೇಲೆ. ಯಶವಂತಪುರದ ವಠಾರದಲ್ಲಿದ್ದಾಗ ಸುಮಾರು ಎರಡು ವರ್ಷ ಇದೇ ಚೀಟಿಯ ಕೊನೆಯ ಸಾಲಿನಲ್ಲಿ ಸೊನ್ನೆ ಇರುತ್ತಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಮನುಷ್ಯ. ಮಗಳ ಕಾಲೇಜಿಗೆ ಹತ್ತಿರವಾಗಲಿ ಎಂದು ಮನೆ ಬದಲಿಸುವಾಗ ಮುಂಗಡ, ಬಾಡಿಗೆ, ಬಸ್ಸಿನ ಪಾಸು, ಸಾಮಾನು ಸಾಗಿಸುವ ಟೆಂಪೋ ಎಲ್ಲವನ್ನೂ ಬರೆದು ಕೂಡಿಸಿದ್ದ. ಇದೊಂದು ಬಾಬತ್ತು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಆ ರಾತ್ರಿ ಹತ್ತು ಗಂಟೆಗೆ ಮಗಳ ಕೋಣೆಯ ದೀಪ ಆರಿತು. ಆರಿಸಿದ್ದು ಅಪ್ಪ. "ಬೆಳಗಾಗೆದ್ದು ಓದು, ಆಗ ಬೆಳಕಿರುತ್ತೆ" ಎಂದ. ದ್ವಿತೀಯ ಪಿಯುಸಿ ಓದುವ ಹುಡುಗಿ ಪುಸ್ತಕ ಹಿಡಿದು ಮೆಟ್ಟಿಲಿನ ದೀಪದ ಕೆಳಗೆ ಹೋಗಿ ಕುಳಿತಳು. ತಾಯಿ ಯಾರ ಪರವಾಗಿಯೂ ಮಾತಾಡಲಿಲ್ಲ.

ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ನಮ್ಮ ಮನೆಗಳಲ್ಲಿ ಕರೆಂಟೆಂದರೆ ಇವತ್ತಿಗೂ ದೀಪವೇ. ಬಿಲ್ಲು ಏರಿತೆಂದರೆ ಮೊದಲು ಬೈಸಿಕೊಳ್ಳುವುದು ಓದುವ ಮಕ್ಕಳು.

ಮರುದಿನ ಮುಂಬಯಿಯಲ್ಲಿರುವ ಭಾವಮೈದುನ ಫೋನಿನಲ್ಲಿ ಸಲಹೆ ಕೊಟ್ಟ, "ಕಂಪನಿ ಬದಲಾಯಿಸಿಬಿಡಿ ಭಾವ." ಅವನಿರುವ ಉಪನಗರದಲ್ಲಿ ಅದು ಸಾಧ್ಯ. ಅಲ್ಲಿ 2009ರಿಂದ ಟಾಟಾ ಪವರ್ ಮತ್ತು ರಿಲಯನ್ಸ್ (2018ರ ನಂತರ ಅದಾನಿ) ನಡುವೆ ಗ್ರಾಹಕ ಆರಿಸಿಕೊಳ್ಳಬಹುದಾಯಿತು. ಅಗ್ಗದ ದರ ಕಂಡು ಲಕ್ಷಾಂತರ ಜನ ಬದಲಾಯಿಸಿಕೊಂಡರು. ಆದರೆ ಹಳೆಯ ಕಂಪನಿಯ ತಂತಿಯಲ್ಲೇ ಹೊಸ ಕಂಪನಿಯ ಕರೆಂಟು ಹರಿಯಬೇಕಲ್ಲ? ತಂತಿಯ ಬಾಡಿಗೆ, ಮೇಲುಶುಲ್ಕ ಎಂದು ಸೇರಿ ಉಳಿತಾಯದ ಒಂದು ಪಾಲು ಕರಗಿತು. ಬ್ರಿಟನ್ನಿನ ಕತೆ ಇನ್ನೂ ಕೆಟ್ಟದ್ದು. 2021ರಲ್ಲಿ ಗ್ಯಾಸಿನ ಬೆಲೆ ಏರಿದಾಗ ಎರಡು ಡಜನ್‌ಗೂ ಹೆಚ್ಚು ಕಂಪನಿಗಳು ಮುಳುಗಿ, ಅಗ್ಗವೆಂದು ಅವುಗಳ ಹಿಂದೆ ಹೋಗಿದ್ದವರು ಬೇರೆ ಕಂಪನಿಗಳ ಹೆಚ್ಚಿನ ದರಕ್ಕೆ ಬಂದು ಬಿದ್ದರು. ಬೆಂಗಳೂರಿನ ಮನೆಗಳಿಗಂತೂ ಆ ಆಯ್ಕೆಯೇ ಇಲ್ಲ. 1999ರವರೆಗೆ ಕೆ.ಇ.ಬಿ., ಬಳಿಕ ಕೆ.ಪಿ.ಟಿ.ಸಿ.ಎಲ್., 2002ರಿಂದ ಬೆಸ್ಕಾಂ. ಹೆಸರು ಬದಲಾಯಿತು, ಅಂಗಡಿ ಒಂದೇ. ಮನೆಯ ಅಜ್ಜಿಗೆ ಅದು ಇವತ್ತಿಗೂ ಕೆ.ಇ.ಬಿ. ಯಲಹಂಕದಲ್ಲೇ 2024ರಲ್ಲಿ 370 ಮೆಗಾವ್ಯಾಟಿನ ಅನಿಲ ವಿದ್ಯುತ್ ಸ್ಥಾವರ ಉದ್ಘಾಟನೆಯಾಗಿದೆ ಎಂದು ಕೇಳಿ ಆಕೆ, "ಊರಲ್ಲೇ ತಯಾರಾಗೋದು ಊರವರಿಗೆ ಅಗ್ಗ ಆಗ್ಬೇಡ್ವೇನೋ?" ಎಂದಳು. ಹಿತ್ತಲ ಬಸಳೆಯ ನ್ಯಾಯ ಅದು. ಗ್ರಿಡ್ಡಿಗೆ ಆ ನ್ಯಾಯ ತಿಳಿಯದು.

ಕೊನೆಗೆ ಚೀಟಿಯನ್ನು ಪೂರ್ತಿ ಓದಿದವಳು ಹುಡುಗಿಯೇ. 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. 164 ಯೂನಿಟ್ಟಿಗೆ 951 ರೂಪಾಯಿ. ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ. ಮೇಲೆ ಶೇಕಡಾ 9 ತೆರಿಗೆ. ಅವಳ ಕಣ್ಣು ನಿಂತದ್ದು ನಿಗದಿತ ಶುಲ್ಕದ ಮೇಲೆ: ಕಿಲೋವ್ಯಾಟಿಗೆ 145ರಂತೆ ಮೂರು ಕಿಲೋವ್ಯಾಟಿಗೆ 435 ರೂಪಾಯಿ. ಇದು ಕರೆಂಟು ಉರಿಸಿದರೂ ಉರಿಸದಿದ್ದರೂ ಕೊಡಬೇಕಾದದ್ದು. ವಠಾರದ ಮನೆಗಿದ್ದದ್ದು ಒಂದೇ ಕಿಲೋವ್ಯಾಟ್. ಕಡಿಮೆ ಮಾಡಿಸಬಹುದೇ ಎಂದು ಮನೆ ಮಾಲೀಕರನ್ನು ಕೇಳಿದರೆ, "ನಾಳೆ ಎ.ಸಿ. ಹಾಕಿಸೋದಾದ್ರೆ? ನೋಡೋಣ" ಎಂದರು. ಬಾಡಿಗೆದಾರರಿಗೆ "ನೋಡೋಣ"ದ ಅರ್ಥ ಗೊತ್ತು.

ಆಮೇಲೆ ಅವಳು ಮೀಟರಿನ ಮುಂದೆ ನಿಂತಳು. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂಬುದು ಮೀಟರಿನ ಮುಖದ ಮೇಲೇ ಅಚ್ಚಾಗಿರುತ್ತದೆ. ಕೋಣೆಯ ದೀಪ ಹಾಕಿದಾಗ ಅದು ತೂಕಡಿಸುತ್ತಿತ್ತು. ಬಚ್ಚಲಿನ ಗೀಸರ್ ಹಾಕಿದ ಕೂಡಲೇ ಎಣಿಸಲಾಗದಷ್ಟು ಬಿರುಸಾಯಿತು. ಒಂದು ವಾರ ಬೆಳಿಗ್ಗೆ ಗೀಸರ್ ಹಾಕುವ ಮೊದಲು, ಆರಿಸಿದ ನಂತರ ಅಂಕಿ ಬರೆದಿಟ್ಟಳು. ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು!

ವಠಾರದಲ್ಲಿ ಮಾಲೀಕರ ಸೋಲಾರ್ ನೀರು ಬೆಳಿಗ್ಗೆ ಎಂಟರವರೆಗೆ ನಲ್ಲಿಯಲ್ಲಿ ಬರುತ್ತಿತ್ತು. ಇಲ್ಲಿ ಸೋಲಾರ್ ಇರುವುದು ಮಾಲೀಕರ ಮನೆಗೆ ಮಾತ್ರ. ಅಜ್ಜಿಗೆಂದು ಐದೂವರೆಗೆ ಹಾಕಿದ 2000 ವ್ಯಾಟಿನ ಗೀಸರನ್ನು ಎಂಟರವರೆಗೆ ಯಾರೂ ಆರಿಸುತ್ತಿರಲಿಲ್ಲ. ಭೌತಶಾಸ್ತ್ರದ ಪಾಠದಂತೆ ಲೆಕ್ಕ ಹಾಕಿದರೆ, 15 ಲೀಟರಿನ ಬಕೆಟ್ ನೀರು 22 ಡಿಗ್ರಿಯಿಂದ 40 ಡಿಗ್ರಿಗೆ ಏರಲು ಹತ್ತಿರಹತ್ತಿರ ಯೂನಿಟ್ಟಿನ ಮೂರನೇ ಒಂದು ಭಾಗ ಸಾಕು. ನಾಲ್ವರಿಗೆ ಒಂದೂಕಾಲು. ಮಿಕ್ಕದ್ದು ಸುಮ್ಮನೆ ಹರಿದು ಹೋದ ಬಿಸಿನೀರು. ಇನ್ನು ಅವಳ ದೀಪ? 9 ವ್ಯಾಟಿನ ಎಲ್.ಇ.ಡಿ.; ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂ ಮೂವತ್ತೈದು ಯೂನಿಟ್, ಒಂಬತ್ತು ರೂಪಾಯಿಯ ಆಸುಪಾಸು. ಹಾಳೆಯನ್ನು ಅಪ್ಪನ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಲೇತಿನಲ್ಲಿ ಎಳೆ ತಪ್ಪಿದರೂ ಗುರುತಿಸುವ ಮನುಷ್ಯ ಲೆಕ್ಕದಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ.

ಉಳಿದದ್ದು ಆ ಸೊನ್ನೆಯ ವಿಚಾರ. 2023ರ ಆಗಸ್ಟಿನ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದೇ ಬಹಳ ಜನ ತಿಳಿದಿದ್ದಾರೆ. 200 ಎಂಬುದು ಗರಿಷ್ಠ ಮಿತಿ. ಉಚಿತವಾಗಿದ್ದದ್ದು ಆ ಮನೆಯ 2022-23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10. ವಠಾರದ ಮೀಟರಿಗೆ ಸರಾಸರಿ 64, ಹಾಗಾಗಿ 70. ಅದು ಆ ಮೀಟರಿನ ಆರ್.ಆರ್. ಸಂಖ್ಯೆಗೆ ಸೇರಿದ್ದು, ಟೆಂಪೋದಲ್ಲಿ ಹಾಕಿಕೊಂಡು ಬರುವಂಥದ್ದಲ್ಲ. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮೀಟರಿಗೆ ರಾಜ್ಯದ ಸರಾಸರಿ 53, ಶೇಕಡಾ 10 ಸೇರಿ 58. ಅದನ್ನು ಪಡೆಯಲಾದರೂ ಅಪ್ಪನ ಆಧಾರ್ ಹಳೆಯ ಮನೆಯ ಸಂಖ್ಯೆಯಿಂದ ಬಿಡಿಸಿಕೊಳ್ಳಬೇಕು. ಬಾಡಿಗೆದಾರರಿಗಾಗಿ ಈ ಸೌಲಭ್ಯವನ್ನು 2024ರಲ್ಲಿ ಸೇವಾಸಿಂಧುವಿನಲ್ಲಿ ತೆರೆಯಲಾಯಿತು. ಅಷ್ಟರಲ್ಲಿ ವಠಾರದಿಂದಲೂ ಫೋನು ಬಂದಿತ್ತು. ಅಲ್ಲಿಗೆ ಬಂದ ಹೊಸ ಸಂಸಾರದ ಅರ್ಜಿ ಈ ಆಧಾರ್‌ಗೆ ಸಿಕ್ಕಿ ನಿಂತಿದೆಯಂತೆ. ಒಂದು ಭಾನುವಾರ ಬಾಡಿಗೆ ಕರಾರು ಮುಂದಿಟ್ಟುಕೊಂಡು ಹುಡುಗಿ ಎರಡೂ ಕೆಲಸ ಮುಗಿಸಿದಳು.

ಅಜ್ಜಿ ಸ್ನಾನದ ವೇಳೆಯನ್ನು ಆರೂವರೆಗೆ ತಂದಳು, ಗೊಣಗುತ್ತಲೇ. ಗೀಸರ್ ಅರ್ಧ ಗಂಟೆ, ನಾಲ್ವರೂ ಒಬ್ಬರ ಹಿಂದೊಬ್ಬರು.

ಸೆಪ್ಟೆಂಬರಿನ ಚೀಟಿಯಲ್ಲಿ 117 ಯೂನಿಟ್ ಇತ್ತು. 58 ಕಳೆದು ಉಳಿದದ್ದಕ್ಕೆ ಹಣ. ಸೊನ್ನೆಯಲ್ಲ, ಜುಲೈಯದ್ದೂ ಅಲ್ಲ. ಅಪ್ಪ ಅದನ್ನು ಮಗಳ ಮೇಜಿನ ಮೇಲೆ ತಂದಿಟ್ಟಾಗ ರಾತ್ರಿ ಹನ್ನೊಂದು. ಹೊರಗೆ ಬರುವಾಗ ಅಭ್ಯಾಸಬಲದಿಂದ ಅವನ ಕೈ ಸ್ವಿಚ್ಚಿನವರೆಗೆ ಹೋಯಿತು, ಅಲ್ಲೇ ನಿಂತಿತು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಗೀಸರ್ ಆರಿದೆಯೇ ಎಂದು ನೋಡಲು ಬಚ್ಚಲುಮನೆಯ ಕಡೆಗೆ ನಡೆದ.