ಎರೆನಾಡಿನ ಬೆಳಕು, ಎರಡು ಕಂಪನಿಯ ಕ್ಯಾಮೆರಾ

ರಾಯಚೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ಕಲ್ಲೂರು, ಸಿರವಾರ ದಾಟಿ ಕವಿತಾಳ ಬರುತ್ತದೆ. ಬಾಗಲವಾಡ ಈ ಕವಿತಾಳದ ಸಮೀಪದ ಊರು. ಬಹುಕಾಲ ಮಾನ್ವಿ ತಾಲ್ಲೂಕಿನ ಲೆಕ್ಕದಲ್ಲಿದ್ದ ಸೀಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆತಲಾಂತರ ಕಾದಾಡಿದರು. ಈಗಿನ ಕಾದಾಟವೇನಿದ್ದರೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿಸುವುದಕ್ಕೆ. ಎರೆ ಹೊಲದಲ್ಲಿ ಹತ್ತಿ, ತೊಗರಿ, ಜೋಳ. ನೀರು ಬಂದಲ್ಲಿ ಭತ್ತ. ಮರ ಕಡಿಮೆ, ಆಕಾಶ ಬಹಳ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಇಂಥ ಬಯಲು ನಾಡಿನಲ್ಲಿ ಫೋಟೊ ತೆಗೆಯಲು ಏನಿದೆ ಎಂದು ಕೇಳುವವರುಂಟು. ಅವರು ಮಸ್ಕಿಗೆ ಹೋಗಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿನ ಗುಡ್ಡದಲ್ಲಿ ಕಂಡ ಬಂಡೆ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಯಾರೆಂಬ ಇತಿಹಾಸದ ಒಗಟು ಬಿಡಿಸಿದ ಕಲ್ಲು ಅದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳು, ಶಾಸನಗಳು. ಇನ್ನು ಮೊಹರಂ ಬಂತೆಂದರೆ ಹಿಂದೂ ಮುಸಲ್ಮಾನರೆನ್ನದೆ ಊರಿಗೆ ಊರೇ ಅಲಾಯಿ ಕುಣಿಯ ಸುತ್ತ ನೆರೆಯುತ್ತದೆ. ಮುದಗಲ್ಲಿನ ಮೊಹರಂ ದೂರದೂರಿಗೆ ಹೆಸರಾದದ್ದು.

ಇಂಥ ಕಡೆಯ ಹುಡುಗನೊಬ್ಬ ಕಾಲೇಜು ಓದುತ್ತಲೇ ಕ್ಯಾಮೆರಾ ಹಿಡಿದಿದ್ದಾನೆನ್ನಿ. ಕೈಯಲ್ಲಿ ಒಂದು ಸಾಧಾರಣ ಡಿಎಸ್ಎಲ್ಆರ್, ಅದರ ಜೊತೆಗೇ ಬಂದ 18-55 ಲೆನ್ಸ್. ಮದುವೆ, ಸೀಮಂತ, ಶಾಲೆಯ ವಾರ್ಷಿಕೋತ್ಸವ ಎಂದು ನಾಲ್ಕು ಕಡೆ ಕರೆಯುತ್ತಾರೆ. ಫೀಜಿನ ಅರ್ಧ ಅಲ್ಲಿಯೇ ಹುಟ್ಟುತ್ತದೆ. ಈಗ ಅವನಿಗೆ ಹೊಸ ಕ್ಯಾಮೆರಾ ಬೇಕು. ಪೇಟೆಯಲ್ಲಿ ನೋಡಿ ಬಂದದ್ದು ಬೇರೆ ಕಂಪನಿಯದು. ಹತ್ತಿ ಮಾರಿದ ಹಣ ಮನೆಯಲ್ಲಿದೆ. ಮುಂದಿನ ಬಿತ್ತನೆಯ ಬೀಜ, ಗೊಬ್ಬರವೂ ಅದರಲ್ಲೇ ಆಗಬೇಕು. ‘ಅದೇ ಕಂಪನಿದು ತಗೊಂಡ್ರ ಹಳೇ ಸಾಮಾನು ಬರ್ತಾವಲ್ಲೋ ತಮ್ಮಾ, ಬ್ಯಾರೆದು ಯಾಕ?’ ಎಂದು ಅಪ್ಪ ಕೇಳಿದರೆ ಅದು ಕ್ಯಾಮೆರಾ ತಿಳಿಯದವನ ಮಾತೆಂದು ತಳ್ಳಿಹಾಕುವಂತಿಲ್ಲ. ಎತ್ತು ಕೊಂಡರೆ ನೊಗಕ್ಕೆ ಹೊಂದುತ್ತದೆಯೇ ಎಂದು ನೋಡುವ ಮನುಷ್ಯ ಕೇಳುವ ಪ್ರಶ್ನೆ ಅದು.

ಇಲ್ಲಿ ನೊಗ ಎಂದರೆ ಕಂಪನಿಯ ಹೆಸರಲ್ಲ; ಲೆನ್ಸ್ ಬಂದು ಕೂರುವ ಲೋಹದ ಬಾಯಿ, ಅಂದರೆ ಮೌಂಟ್. ಒಂದೊಂದು ಮೌಂಟಿಗೂ ಒಂದೊಂದು ಅಳತೆ. ಮೌಂಟಿನ ಅಂಚಿನಿಂದ ಒಳಗಿನ ಫಿಲ್ಮ್ ಅಥವಾ ಸೆನ್ಸರಿನವರೆಗಿನ ದೂರ ನಿಕಾನ್‌ನ ಎಫ್ ಮೌಂಟಿನಲ್ಲಿ 46.5 ಮಿಲಿಮೀಟರ್, ಕೆನಾನ್‌ನ ಇಎಫ್‌ನಲ್ಲಿ 44. ಈ ಎರಡೂವರೆ ಮಿಲಿಮೀಟರಿನಲ್ಲಿ ಎಲ್ಲ ಜಗಳವೂ ಅಡಗಿದೆ. ನಿಕಾನ್ ಲೆನ್ಸನ್ನು ಕೆನಾನ್ ಮೇಲೆ ಕೂರಿಸಲು ತೆಳುವಾದ ಒಂದು ಬಳೆ ಸಾಕು, ಆದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕಾದೀತು. ಕೆನಾನ್ ಲೆನ್ಸನ್ನು ನಿಕಾನ್ ಡಿಎಸ್ಎಲ್ಆರ್ ಮೇಲಿಟ್ಟರೆ ಲೆನ್ಸ್ ಇರಬೇಕಾದುದಕ್ಕಿಂತ ದೂರ ನಿಲ್ಲುತ್ತದೆ. ನಡುವೆ ಇನ್ನೊಂದು ಗಾಜು ಹಾಕದ ಹೊರತು ದೂರದ ಗುಡ್ಡ ಸ್ಪಷ್ಟವಾಗಿ ಮೂಡುವುದೇ ಇಲ್ಲ.

ಕನ್ನಡಿ ಇಲ್ಲದ ಹೊಸ ಕ್ಯಾಮೆರಾಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. 2018ರಲ್ಲಿ ನಿಕಾನ್ ತಂದ ಝಡ್ ಮೌಂಟಿನಲ್ಲಿ ಈ ದೂರ 16 ಮಿಲಿಮೀಟರ್, ಅದೇ ವರ್ಷದ ಕೆನಾನ್ ಆರ್‌ಎಫ್‌ನಲ್ಲಿ 20, ಸೋನಿಯ ಇ ಮೌಂಟಿನಲ್ಲಿ 18. ಒಳಗಿನ ಜಾಗ ಕಡಿಮೆಯಾದಷ್ಟೂ ಅಡಾಪ್ಟರಿಗೆ ಹೊರಗೆ ಜಾಗ ಸಿಕ್ಕಿತು. ಹೀಗಾಗಿ ಹಳೆಯ ಲೆನ್ಸುಗಳಲ್ಲಿ ಬಹುಪಾಲು ಯಾವುದಾದರೊಂದು ಹೊಸ ಕ್ಯಾಮೆರಾದ ಮೇಲೆ ಕೂರುತ್ತವೆ. ಕೂರುವುದು ಬೇರೆ, ಚುರುಕಾಗಿ ಫೋಕಸ್ ಮಾಡುವುದು ಬೇರೆ. ಒಂದು ಕಂಪನಿಯ ಲೆನ್ಸ್, ಮೂರನೆಯವರ ಅಡಾಪ್ಟರ್, ಇನ್ನೊಂದು ಕಂಪನಿಯ ಕ್ಯಾಮೆರಾ ಕೂಡಿದಾಗ ಕೆಲಸ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತದೆಂಬ ಭರವಸೆ ಇಲ್ಲ. ಮೇಲಾಗಿ ಅಡಾಪ್ಟರ್ ಎಂದರೆ ಇನ್ನೊಂದು ಸಂದು. ಎರೆಮಣ್ಣಿನ ಧೂಳಿಗೆ ಸಂದು ಹುಡುಕಿಕೊಡಬೇಕಾಗಿಲ್ಲ.

ಹಾಗಾದರೆ ಒಂದೇ ಕಂಪನಿಗೆ ಅಂಟಿಕೊಂಡರೆ ಕ್ಷೇಮವೇ? ಅದೂ ಪೂರ್ತಿ ನಿಜವಲ್ಲ. 1987ರಲ್ಲಿ ಕೆನಾನ್ ಇಎಫ್ ಮೌಂಟ್ ತಂದಾಗ ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸುಗಳನ್ನು ಕೂಡಿಟ್ಟವರು ಕೈಚೆಲ್ಲಿ ಕುಳಿತರು. 2012ರಲ್ಲಿ ಶುರುವಾದ ಅದೇ ಕಂಪನಿಯ ಇಎಫ್-ಎಂ ಲೆನ್ಸುಗಳು ಅದರ ಈಗಿನ ಆರ್‌ಎಫ್ ಕ್ಯಾಮೆರಾಗಳಿಗೆ ಹೊಂದುವುದಿಲ್ಲ. ನಿಕಾನ್ 1959ರಿಂದ ಎಫ್ ಮೌಂಟನ್ನು ಉಳಿಸಿಕೊಂಡು ಬಂದದ್ದು ಮೆಚ್ಚಬೇಕಾದ ಮಾತೇ. ಆದರೂ ಅದರ ಅಗ್ಗದ ಡಿ3000, ಡಿ5000 ಸಾಲಿನ ಕ್ಯಾಮೆರಾಗಳೊಳಗೆ ಫೋಕಸ್ ಮೋಟರ್ ಇಲ್ಲದ್ದರಿಂದ ಹಳೆಯ ಎಎಫ್-ಡಿ ಲೆನ್ಸುಗಳನ್ನು ಅವುಗಳ ಮೇಲೆ ಕೈಯಿಂದಲೇ ತಿರುಗಿಸಬೇಕು. ಡಬ್ಬಿಯ ಮೇಲಿನ ಹೆಸರು ನೋಡಿ ಹಣ ಕೊಡುವವರಿಗೆ ಇದನ್ನೆಲ್ಲ ಅಂಗಡಿಯವನು ತಾನಾಗಿ ಹೇಳುವುದಿಲ್ಲ. ಹಳೆಯ ಲೆನ್ಸನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೊಸದರ ಮೇಲೆ ಕೂರಿಸಿ, ನಾಲ್ಕು ಫೋಟೊ ತೆಗೆದು ನೋಡುವುದು ಮೇಲು.

ಬೆರೆಸಿದರೆ ಏನೂ ಕೆಡದ ಸಾಮಾನುಗಳೂ ಬಹಳ ಇವೆ. ಟ್ರೈಪಾಡಿನ ತಿರುಪು ಎಲ್ಲದಕ್ಕೂ ಒಂದೇ. ಎಸ್‌ಡಿ ಕಾರ್ಡ್ ಅದನ್ನು ಬಳಸುವ ಯಾವ ಕಂಪನಿಯ ಕ್ಯಾಮೆರಾಕ್ಕೂ ಆದೀತು. ಸಿಗ್ಮಾ, ಟಾಮ್ರಾನ್, ಟೋಕಿನಾ ಕಂಪನಿಗಳು ಬೇರೆ ಬೇರೆ ಮೌಂಟಿಗೆ ಲೆನ್ಸ್ ಮಾಡಿಕೊಟ್ಟು ಎಷ್ಟೋ ಬಡ ಛಾಯಾಗ್ರಾಹಕರನ್ನು ಬದುಕಿಸಿವೆ. ಫ್ಲ್ಯಾಷಿನ ನಡುವಿನ ಬಿಂದು ಈಗ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಆದ್ದರಿಂದ, ಶಕ್ತಿಯನ್ನು ಕೈಯಿಂದ ಹೊಂದಿಸಿಕೊಳ್ಳುವವನಿಗೆ ಯಾವ ಫ್ಲ್ಯಾಷಾದರೂ ನಡೆದೀತು. ತಾನೇ ಬೆಳಕು ಅಳೆಯುವ ಟಿಟಿಎಲ್ ಮಾತ್ರ ಕಂಪನಿಯಿಂದ ಕಂಪನಿಗೆ ಭಾಷೆ ಬದಲಿಸುತ್ತದೆ. ಬ್ಯಾಟರಿ, ಚಾರ್ಜರುಗಳಂತೂ ಒಂದಕ್ಕೊಂದು ಕೂಡಿ ಬರುವುದಿಲ್ಲ.

ಹಳೆಯದನ್ನೂ ಇಟ್ಟುಕೊಂಡು ಬೇರೆ ಕಂಪನಿಯ ಹೊಸದನ್ನೂ ಹೆಗಲಿಗೆ ಹಾಕಿಕೊಳ್ಳುವವರ ಕಷ್ಟ ಗೊತ್ತಾಗುವುದು ಮೊಹರಂನ ರಾತ್ರಿಯಲ್ಲಿ. ಬೆಂಕಿಯ ಬೆಳಕಷ್ಟೇ ಇದೆ. ಹಲಗೆಯ ಸದ್ದಿಗೆ ಜನ ನುಗ್ಗಿ ಬರುತ್ತಿದ್ದಾರೆ. ನಿಕಾನ್ ಲೆನ್ಸ್ ಕೂರಿಸಲು ತಿರುಗಿಸುವ ದಿಕ್ಕು ಕೆನಾನಿಗೆ ಉಲ್ಟಾ. ಜೂಮ್ ಬಳೆಯೂ ಅಷ್ಟೆ. ಹತ್ತಿರ ತರಲು ಹೋದ ಕೈ ದೂರ ತಳ್ಳುತ್ತದೆ, ಅಷ್ಟರಲ್ಲಿ ದೇವರು ಮುಂದೆ ಹೋಗಿಯಾಯಿತು. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಯೂ ಇಂಥದೇ, ‘ಇನ್ನೊಮ್ಮೆ ಕಟ್ರಿ’ ಎನ್ನಲಾಗದು. ಆ ಮೇಲೆ ಎರಡು ಕ್ಯಾಮೆರಾಗಳ ಚಿತ್ರ ಒಂದೇ ಆಲ್ಬಮ್ಮಿಗೆ ಬಂದಾಗ ಒಂದರಲ್ಲಿ ಮದುಮಗಳ ಸೀರೆ ಕೆಂಪು, ಇನ್ನೊಂದರಲ್ಲಿ ತುಸು ಕಿತ್ತಳೆ. ಕಂಪ್ಯೂಟರಿನ ಮುಂದೆ ಕುಳಿತು ಸರಿಮಾಡಬಹುದು. ಪರೀಕ್ಷೆಗೆ ಓದಬೇಕಾದ ರಾತ್ರಿಗಳು ಅದಕ್ಕೆ ಹೋಗುತ್ತವೆ.

ಈ ಕಡೆಯ ಹಳ್ಳಿಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಬೇರೆಯೇ ಇದೆ. ಪಕ್ಕದೂರಿನ ಸ್ಟುಡಿಯೊದವನ ಹತ್ತಿರ ಏನಿದೆ? ಸುಗ್ಗಿ ಮುಗಿದು ಮದುವೆಗಳು ಶುರುವಾದರೆ ಲೆನ್ಸ್, ಬ್ಯಾಟರಿ, ಫ್ಲ್ಯಾಷುಗಳು ಊರಿಂದೂರಿಗೆ ಕೈಗಡ ಹೋಗುವುದು ಸಾಮಾನ್ಯ. ಕಂಪನಿಯ ಖಾತ್ರಿ ರಿಪೇರಿ ಬೇಕೆಂದರೆ ಹೈದರಾಬಾದ್ ಇಲ್ಲವೇ ಬೆಂಗಳೂರಿನ ಕಡೆ ಮುಖ ಮಾಡಬೇಕು. ಆ ಹದಿನೈದು ದಿನ ಕೈ ಹಿಡಿಯುವವನು ಕವಿತಾಳದಲ್ಲೋ ಮಾನ್ವಿಯಲ್ಲೋ ಇರುವ ಗೆಳೆಯ. ಅವನ ಲೆನ್ಸ್ ನಮ್ಮ ಕ್ಯಾಮೆರಾಕ್ಕೆ ಕೂರದಿದ್ದರೆ ಗೆಳೆತನ ಇದ್ದೂ ಕೆಲಸಕ್ಕೆ ಬಾರದು. ಜಾಹೀರಾತುಗಳಲ್ಲಿ ಈ ಮಾತು ಇರುವುದಿಲ್ಲ.

ಹಾಗೆಂದು ಹುಡುಗನ ಆಸೆಯೂ ತಪ್ಪಲ್ಲ. ಕೈಯಲ್ಲಿರುವುದು ಒಂದೇ ಒಂದು 18-55 ಎಂದಾದರೆ ಅವನನ್ನು ಕಟ್ಟಿಹಾಕುವ ಗಂಟೇ ಇಲ್ಲ. ಬದಲಿಸುವುದಾದರೆ ಅದೇ ಒಳ್ಳೆಯ ಹೊತ್ತು. ಹಳೆಯದನ್ನು ಮಾರಿ ಪೂರ್ತಿ ಆಚೆಗೆ ಹೋಗಬಹುದು, ಬಂದ ಬೆಲೆ ಕಡಿಮೆಯೆಂದು ಕೊರಗದಿದ್ದರೆ. ಮೂರು ನಾಲ್ಕು ಒಳ್ಳೆಯ ಲೆನ್ಸ್ ಕೂಡಿಸಿದ ಮೇಲೆ ಹೊರಟರೆ ನಷ್ಟ ನಾಲ್ಕು ಪಟ್ಟು. ಕ್ಯಾಮೆರಾ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಅದಕ್ಕಿಂತ ಬಹುಕಾಲ ಬಾಳುತ್ತದೆ. ಆದ್ದರಿಂದ ಅನೇಕರಿಗೆ ಹೊಸ ಕ್ಯಾಮೆರಾಕ್ಕಿಂತ ಇನ್ನೊಂದು ಲೆನ್ಸೇ ಬೇಕಾಗಿರುತ್ತದೆ. ಕೋಟೆಯ ಆ 41 ಅಡಿ ಕಲ್ಲನ್ನೇ ನೋಡಿ: ನಿಕಾನಿನ ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 18 ಮಿಲಿಮೀಟರಿನಲ್ಲಿ ಅದು ಅಡ್ಡಕ್ಕೆ ಪೂರ್ತಿ ಸಿಗಬೇಕಾದರೆ 31 ಅಡಿಯಷ್ಟು ಹಿಂದೆ ಸರಿಯಬೇಕು. 10 ಮಿಲಿಮೀಟರಿನ ಲೆನ್ಸಿದ್ದರೆ ಹದಿನೇಳೆಂಟು ಅಡಿ ಸಾಕು. ಇದನ್ನು ಯಾವ ಕಂಪನಿಯ ಹೊಸ ಕ್ಯಾಮೆರಾವೂ ಬದಲಿಸಲಾರದು.

ತುಂಗಭದ್ರೆಯ ದಡ ಹಿಡಿದು ಮೇಲಕ್ಕೆ ಹೋದರೆ ಹಂಪಿ. ಅಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಗುಡಿ, ಮಂಟಪಗಳ ಚಿತ್ರ ಹಿಡಿದ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ, ತನ್ನ ಕಾಲದ ಕ್ಯಾಮೆರಾದಲ್ಲಿ ಅವೇ ನೋಟಗಳನ್ನು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಕೆಗೆ ಕಾರಣ ಕಾಲೂರಿದ ಜಾಗ ಎಂಬುದು ತಿಳಿಯುತ್ತದೆ.

ಬಾಗಲವಾಡದ ಹುಡುಗನಿಗೆ ಅಷ್ಟು ದೂರವೂ ಬೇಕಿಲ್ಲ. ಗೆಳೆಯನ ಹತ್ತಿರ ಬೇರೆ ಕಂಪನಿಯ ಕ್ಯಾಮೆರಾ ಇದ್ದರೆ ಒಂದು ಭಾನುವಾರಕ್ಕೆ ಕೇಳಿ ಪಡೆದು, ತನ್ನದನ್ನೂ ಜೊತೆಗಿಟ್ಟುಕೊಂಡು, ಹತ್ತಿ ಬಿಡಿಸುವ ಹೊಲಕ್ಕೆ ಮುಂಜಾನೆ ಆರಕ್ಕೇ ಹೋಗಬೇಕು. ಬಿಳಿ ಹತ್ತಿ, ಕಪ್ಪು ಮಣ್ಣು ಒಂದೇ ಚೌಕಟ್ಟಿನಲ್ಲಿ ಬರುವುದು ಯಾವ ಕ್ಯಾಮೆರಾಕ್ಕೂ ಸುಲಭದ ಪರೀಕ್ಷೆಯಲ್ಲ. ಹಣ ಕೊಡುವ ಮೊದಲು ಆ ಚಿತ್ರಗಳನ್ನು ಅಪ್ಪ ಅವ್ವನಿಗೂ ತೋರಿಸಲಿ. ಹೊಲದ ಬಣ್ಣ ಅವರಿಗೆ ಚೆನ್ನಾಗಿ ಗೊತ್ತು.