ಕೃಷ್ಣೆಯಾಚೆಯ ತಿಪ್ಪೆಗಳು

ರಾಯಚೂರಿನಿಂದ ಕಾಚಿಗುಡದ ಕಡೆಗೆ ಹೋಗುವ ರೈಲು ಕೃಷ್ಣೆಯ ಸೇತುವೆಯನ್ನು ಏರುತ್ತಿದ್ದಂತೆ ನಮ್ಮ ಡಬ್ಬಿಯೊಳಗಿನ ಹಲವು ಕೈಗಳು ಕಿಟಕಿಯ ಹೊರಕ್ಕೆ ಚಾಚಿದವು. ಹಿರಿಯರು ಹೊಳೆಗೆ ನಾಣ್ಯ ಎಸೆದು ಕೈ ಮುಗಿದರು. ನಮ್ಮ ಜೊತೆಗಿದ್ದ ಆರು ವರ್ಷದ ಮೊಮ್ಮಗನು ಆಗಷ್ಟೇ ಬರಿದಾದ ಬಿಸ್ಕತ್ತಿನ ಪೊಟ್ಟಣವನ್ನು ಎಸೆದನು. ಅವನ ಕೈ ಹಿಡಿಯುವಷ್ಟರಲ್ಲಿ ಅದು ಬಿಸಿಲಿಗೆ ಮಿರಮಿರನೆ ಮಿಂಚುತ್ತ ನೀರಿನ ಕಡೆಗೆ ಇಳಿದುಹೋಯಿತು. ಗಡಿಯಾಚೆಯ ಮೂರು ಊರುಗಳಲ್ಲಿ ಮನೆಯ ಕಸದ ಗತಿ ಏನಾಗಿದೆಯೆಂದು ನೋಡಿ ಬರಲು ಹೊರಟಿದ್ದವರು ನಾವು. ದಾರಿಯಲ್ಲಿ ಕಂಡ ಮೊದಲ ಕಸವೇ ನಮ್ಮ ಮನೆಯದಾಯಿತು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆಯುವುದು ಸರಿಯಲ್ಲ.

ಈ ರೈಲುಮಾರ್ಗ ಹೊಸದು. ಜಕ್ಲೇರಿನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರ್ ಹಳಿಯು 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾದ ಮೇಲೆ ರಾಯಚೂರಿನವರಿಗೆ ಮಕ್ತಲವು ರೈಲಿನ ಊರಾಯಿತು. ನಂಟು ಮಾತ್ರ ಹಳೆಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಬಿಡಲಾಯಿತು. ಮಕ್ತಲ, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರದ ಕಡೆಯವು. ಗದ್ವಾಲವು 2016ರಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆಯ ಕೇಂದ್ರವಾಯಿತು. ನಾರಾಯಣಪೇಟೆಯು 2019ರ ಫೆಬ್ರವರಿ 17ರಂದು ತಾನೇ ಒಂದು ಜಿಲ್ಲೆಯಾಯಿತು. ಜಿಲ್ಲೆಗಳು ಹುಟ್ಟುತ್ತ ಬಂದವು. ಬೀಗತನಗಳು ಇದ್ದಲ್ಲೇ ಇವೆ.

ಮಕ್ತಲದಲ್ಲಿ ನಮ್ಮ ಸೋದರತ್ತೆಯ ಮನೆ. ನಾವು ಚಿಕ್ಕವರಿದ್ದಾಗ ಆ ಮನೆಯ ಹಿತ್ತಿಲಲ್ಲಿ ಒಂದು ದೊಡ್ಡ ತಿಪ್ಪೆಯಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳದ ಕಸ, ಕಾಯಿಪಲ್ಲೆಯ ಸಿಪ್ಪೆ, ಹಬ್ಬದ ಊಟದ ಮುತ್ತುಗದ ಎಲೆಗಳು ಎಲ್ಲವೂ ಅದರ ಹೊಟ್ಟೆಗೆ. ಬೇಸಿಗೆಯಲ್ಲಿ ಬಂಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆಯುವ ದಿನ ಮನೆಯಲ್ಲಿ ಸಣ್ಣ ಹಬ್ಬವೇ ಸರಿ. ಬುಡ ತೋಡಿದಾಗ ಬರುವ ಕಪ್ಪು ಗೊಬ್ಬರಕ್ಕೆ ದುರ್ವಾಸನೆಯಿರುತ್ತಿರಲಿಲ್ಲ, ಮೊದಲ ಮಳೆಯ ಮಣ್ಣಿನ ವಾಸನೆಯಿರುತ್ತಿತ್ತು. ಕಸವೆಂದರೆ ಹೊಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಕಾಲ ತಂಗಿದ ವಸ್ತು ಎಂಬ ತಿಳಿವಳಿಕೆ ಆಗಿನ ಗೃಹಿಣಿಯರಿಗೆ ಇತ್ತು; ಅದನ್ನು ಯಾವ ಕಚೇರಿಯೂ ಕಲಿಸಿದ್ದಿಲ್ಲ.

ಅಂಗಡಿಯ ಸಾಮಾನು ಮನೆಗೆ ಬರುತ್ತಿದ್ದ ಬಗೆಯೂ ಹಾಗೆಯೇ. ಎಣ್ಣೆಗೆ ನಮ್ಮದೇ ಡಬ್ಬಿ, ಹಾಲಿಗೆ ಚೊಂಬು, ಬೇಳೆಗೆ ಕೈಚೀಲ, ಜೀರಿಗೆ ಮೆಣಸಿಗೆ ಹಳೆಯ ಕಾಗದದ ಪೊಟ್ಟಣ. ಪೊಟ್ಟಣದ ದಾರವನ್ನೂ ಬಿಚ್ಚಿ ಉಂಡೆ ಸುತ್ತಿ ಇಡುತ್ತಿದ್ದರು. ಆಮೇಲೆ ಬಂದದ್ದು ಪುಡಿಕೆಗಳ ಕಾಲ. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಹುಟ್ಟಿದ ಚಿಕ್ ಶಾಂಪೂವಿನಂಥ ಸರಕುಗಳು ಚಿಲ್ಲರೆ ಕಾಸಿಗೆ ಒಂದು ಸ್ನಾನದಷ್ಟನ್ನು ಸಣ್ಣ ಚೀಟಿಯಲ್ಲಿ ತುಂಬಿ ಹಳ್ಳಿಯ ಅಂಗಡಿಗಳ ತೋರಣವಾದವು. ಇದನ್ನು ಬರೀ ಕೆಡುಕೆಂದು ನಾವು ಬರೆಯಲಾರೆವು. ದೊಡ್ಡ ಸೀಸೆ ಕೊಳ್ಳಲಾಗದ ಕೂಲಿಯ ಮನೆಯವರಿಗೆ ಅದು ಅನುಕೂಲವಾಗಿತ್ತು. ಆದರೆ ಆ ಚೀಟಿ ಯಾವ ಗುಜರಿಯವನಿಗೂ ಬೇಡ. ಪ್ಲಾಸ್ಟಿಕ್ಕಿನ ಪದರಗಳ ನಡುವೆ ಅಲ್ಯೂಮಿನಿಯಮ್ಮಿನ ತೆಳು ಹಾಳೆಯನ್ನು ಅಂಟಿಸಿ ಮಾಡುವ ಇಂಥ ಹೊದಿಕೆಗಳನ್ನು ಬಿಡಿಸಿ ಮತ್ತೆ ಕರಗಿಸುವುದು ಲಾಭದ ಕೆಲಸವಲ್ಲ. ನಮ್ಮ ಬಿಸ್ಕತ್ತಿನ ಮಿಂಚುವ ಪೊಟ್ಟಣವೂ ಇದೇ ಗೋತ್ರದ್ದು.

ತಿಪ್ಪೆ ಕೆಟ್ಟದ್ದು ಇಲ್ಲಿಯೇ. "ಹತ್ತು ವರ್ಷದ ಕೆಳಗ ಗೊಬ್ರ ಹೊಡ್ಯಾಕ ಬಂದವ ಸಲಿಕಿ ಹಾಕಿ ನೋಡಿ, ಇದು ನಿಮ್ಮ ಹೊಲಕ್ಕ ಬ್ಯಾಡ್ರೀ ಅಮ್ಮಾ ಅಂತ ಬಂಡಿ ತಿರುವಿಕೊಂಡು ಹೋದ," ಎಂದು ಅತ್ತೆವ್ವ ಹೇಳಿದರು. ಸಲಿಕೆಯ ತುಂಬ ಹಾಲಿನ ಕವರು, ಗುಟಕಾ ಚೀಟಿ, ಹರಕು ಚೀಲ. ಮಣ್ಣಿನಲ್ಲಿ ಅಂಥ ಹಾಳೆ ಅಡ್ಡ ಬಿದ್ದರೆ ನೀರು ಕೆಳಕ್ಕೆ ಇಳಿಯದು, ಬೇರಿಗೆ ದಾರಿ ಸಿಗದು. ಉಂಡೆದ್ದ ಚೀಲದ ಉಪ್ಪು ಹುಳಿಯ ವಾಸನೆಗೆ ದನ ಅದನ್ನು ನುಂಗುತ್ತದೆ. ಹೊಟ್ಟೆಯೊಳಗೆ ಅದು ಗಂಟಾಗಿ ಉಳಿಯುತ್ತದೆ. ಆ ಮನೆಯ ಕೆಂದಾಕಳು ಹಾಗೆಯೇ ಸತ್ತಿತು. ಅದನ್ನು ಕೊಯ್ದು ನೋಡಿದ ಡಾಕ್ಟರರು ತೆಗೆದು ಹಾಕಿದ ರಾಶಿಯ ಅಳತೆಯನ್ನು ಅತ್ತೆವ್ವ ಎರಡು ಕೈ ಅಗಲಿಸಿ ತೋರಿಸಿದರು. ಆಮೇಲೆ ಆ ಮನೆಯಲ್ಲಿ ಆಕಳು ಕಟ್ಟಲಿಲ್ಲ.

ಈಗ ಬೀದಿಗೆ ಕಸದ ಆಟೋ ಬರುತ್ತದೆ. ಮಕ್ತಲವು 2018ರಲ್ಲಿ ಗ್ರಾಮ ಪಂಚಾಯತಿಯಿಂದ ಪುರಸಭೆಯಾಯಿತು. ಮರುವರ್ಷ ತೆಲಂಗಾಣವು ಹೊಸ ಪುರಸಭಾ ಕಾಯಿದೆಯನ್ನು ತಂದಿತು. 2020ರ ಫೆಬ್ರವರಿ 24ರಿಂದ ಹತ್ತು ದಿನ 'ಪಟ್ಟಣ ಪ್ರಗತಿ' ಎಂಬ ಕಾರ್ಯಕ್ರಮ ಊರೂರಿನಲ್ಲಿ ನಡೆಯಿತು. ಹಳ್ಳಿಗಳಲ್ಲಿ ಅದಕ್ಕೂ ಮೊದಲೇ, 2019ರ ಸೆಪ್ಟೆಂಬರ್ 6ರಂದು, ಮೂವತ್ತು ದಿನಗಳ ಯೋಜನೆಯೊಂದಿಗೆ 'ಪಲ್ಲೆ ಪ್ರಗತಿ' ಆರಂಭವಾಗಿತ್ತು. ಪಂಚಾಯತಿಗೊಂದು ಟ್ರ್ಯಾಕ್ಟರು, ಅದಕ್ಕೆ ಟ್ರಾಲಿ, ಊರಾಚೆ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಚಪ್ಪರ ಇವು ಅದರ ಫಲ. ಕೃಷ್ಣಾ ಮಂಡಲದ ಹಳ್ಳಿಗಳ ಬದಿಯಲ್ಲಿ ರೈಲಿನಿಂದಲೇ ಇಂಥ ಚಪ್ಪರಗಳು ಕಾಣುತ್ತವೆ. ಕೆಲವು ಬಳಕೆಯಲ್ಲಿವೆ, ಕೆಲವುಗಳಲ್ಲಿ ಆಡುಗಳು ಮಲಗಿದ್ದವು.

ಆಟೋದ ಧ್ವನಿವರ್ಧಕವು ತೆಲುಗಿನಲ್ಲಿ ಹಾಡುತ್ತ, 'ತಡಿ ಚೆತ್ತ, ಪೊಡಿ ಚೆತ್ತ' ಬೇರೆ ಬೇರೆ ಕೊಡಿರೆಂದು ಬೇಡುತ್ತದೆ. ತಡಿ ಎಂದರೆ ಹಸಿ, ಪೊಡಿ ಎಂದರೆ ಒಣಗಿದ್ದು. ಅತ್ತೆವ್ವನಿಗೆ ತೆಲುಗು ಬಾರದೆ ಇಲ್ಲ, ಆದರೂ ನಗಿಸುವ ಚಪಲ.

"ನೋಡಪ್ಪಾ, ಗಾಡಿ ಬಂದು ಮೊದ್ಲು 'ತಡಿ' ಅಂತದ. ತಡದು ನಿಲ್ತೀನಿ. ಆಮ್ಯಾಲ 'ಪೊಡಿ' ಅಂತದ. ಯಾವ ಪುಡಿ ಕೊಡ್ಲಿ, ಚಟ್ನಿಪುಡೀನಾ?"

ನಾವೂ ನಕ್ಕೆವು. ಆದರೆ ಅವರ ಬೀದಿಯಲ್ಲೇ, ಮದುವೆಯಾಗಿ ದೇವದುರ್ಗದ ಕಡೆಯಿಂದ ಬಂದ ಒಬ್ಬ ಹೊಸ ಸೊಸೆಯು ಮೂರು ತಿಂಗಳು ಎರಡು ಬುಟ್ಟಿಗಳಲ್ಲಿಯೂ ಎರಡೂ ಕಸವನ್ನು ತುಂಬಿ ಕೊಟ್ಟಳಂತೆ. ಆಟೋದವನು ಗೊಣಗಿದ್ದು ಅವಳಿಗೆ ತಿಳಿಯಲಿಲ್ಲ, ಅವಳಿಗೆ ತಿಳಿಯದೆಂಬುದು ಅವನಿಗೆ ಹೊಳೆಯಲಿಲ್ಲ. ಹಸಿ ಕಸದ ಒಂದು ಬುಟ್ಟಿಯಲ್ಲಿ ನಾಲ್ಕು ಚೀಟಿ ಬಿದ್ದರೆ ಆ ಬುಟ್ಟಿಯ ಗೊಬ್ಬರ ಕೆಟ್ಟಿತು. ಅಲ್ಲಿಂದ ಮುಂದೆ ಪುರಸಭೆ ಎಷ್ಟು ಯಂತ್ರ ತಂದರೂ ಅಡುಗೆಮನೆಯಲ್ಲಿ ಒಂದು ಕ್ಷಣದಲ್ಲಿ ಆಗಬಹುದಾಗಿದ್ದ ಕೆಲಸ ಆಗದು. 2016ರ ಘನತ್ಯಾಜ್ಯ ನಿಯಮಗಳು ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೆ ಇರಿಸಿದವು. ಹೊಣೆ ಹೊರಿಸಿದ ಮೇಲೆ ಹೊರುವವರ ಮಾತಿನಲ್ಲಿ ಹೇಳುವುದು ನ್ಯಾಯ. ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶದಲ್ಲಿ ಒಪ್ಪಿತವಾದ ರಕ್ಷಣೆಗಳಲ್ಲಿ ಒಂದುಂಟು: ಒಂದು ಜಿಲ್ಲೆ, ತಾಲೂಕು ಅಥವಾ ಪುರಸಭೆಯಲ್ಲಿ ಒಂದು ಭಾಷೆಯನ್ನಾಡುವವರು ಶೇ. 15ರಷ್ಟಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸಬೇಕು. ನಾವು ಇದನ್ನು ಶಾಲೆಯ ವಿಷಯದಲ್ಲಿ ಕೇಳುತ್ತೇವೆ, ಕಸದ ವಿಷಯದಲ್ಲಿ ಕೇಳಿದ್ದಿಲ್ಲ. ಕನ್ನಡ ಶಾಲೆಗಳಿರುವ ಕೃಷ್ಣಾ ಮಂಡಲದಲ್ಲಿಯಾದರೂ ಟ್ರ್ಯಾಕ್ಟರಿನ ಹಾಡಿಗೆ 'ಹಸಿ ಕಸ, ಒಣ ಕಸ' ಎಂಬ ಎರಡು ಮಾತು ಸೇರಿಸಿದರೆ ಖರ್ಚೇನು ಬಂದೀತು?

ಮರುದಿನ ಬಸ್ಸಿನಲ್ಲಿ ನಾರಾಯಣಪೇಟೆಗೆ ಹೋದೆವು. ಮಂಡಾಳು ಒಗ್ಗರಣೆ, ಮಿರ್ಚಿ ಭಜಿಯನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಕೊಟ್ಟರು. ಚಹಾ ಗಾಜಿನ ಲೋಟದಲ್ಲಿ ಬಂದಿತು. ಪೇಟೆಯ ಬೀದಿಯಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಒಂದೇ ಚೌಕಾಸಿಯಲ್ಲಿ ಕೇಳಿಬರುತ್ತವೆ. ಶಿವಾಜಿಯ ದಂಡಿನೊಡನೆ ಬಂದ ನೇಕಾರರು ಇಲ್ಲಿ ಉಳಿದರೆಂಬುದು ಐತಿಹ್ಯ. ಚೌಕಳಿಯ ಮೈ, ಅಂಚಿನ ಗತ್ತು ಇವುಗಳಿಂದ ದೂರದಿಂದಲೇ ಗುರುತು ಸಿಗುವ ಇಲ್ಲಿನ ಸೀರೆಯನ್ನು ಒಂದೇ ಹಾಸಿನಲ್ಲಿ ಎಂಟರಂತೆ ನೇಯುವ ಪದ್ಧತಿ ಇದೆ. ಮಗ್ಗದ ಮನೆಯಲ್ಲಿ ಕಸವೆಂಬುದೇ ಇಲ್ಲವೆನ್ನಬೇಕು. ತುಂಡು ನೂಲು ದೀಪದ ಬತ್ತಿಗೆ, ಹರಕು ಅರಿವೆ ಕೌದಿಗೆ.

ಅದೇ ಸೀರೆ ಅಂಗಡಿಗೆ ಬಂದೊಡನೆ ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಕವರು, ಅದರ ಮೇಲೆ ರಟ್ಟಿನ ಪೆಟ್ಟಿಗೆ, ಅದರ ಮೇಲೊಂದು ಚೀಲ. ಏಕೆಂದು ಕೇಳಿದೆವು. "ಕವರ್ ಇಲ್ಲಾಂದ್ರ ಗಿರಾಕಿ ಹಳೇ ಸೀರಿ ಅಂತಾರ್ರೀ," ಎಂದರು ಅಂಗಡಿಯವರು. ಧೂಳಿನ ಮಾತನ್ನೂ ಹೇಳಿದರು. ಪೇಟೆಯ ಧೂಳು ಸುಳ್ಳಲ್ಲ.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಓದುಗರ ಗಮನಕ್ಕೆ ತರಬೇಕು. 2016ರ ಮಾರ್ಚ್ 11ರಂದು ಕರ್ನಾಟಕವು ಪ್ಲಾಸ್ಟಿಕ್ ಕೈಚೀಲಗಳನ್ನು ಎಷ್ಟೇ ದಪ್ಪವಿರಲಿ ನಿಷೇಧಿಸಿತು. ಒಂದು ವಾರದ ನಂತರ, ಮಾರ್ಚ್ 18ರಂದು, ಕೇಂದ್ರದ ನಿಯಮಗಳು ಬಂದವು. ಅವು 50 ಮೈಕ್ರಾನಿಗಿಂತ ತೆಳುವಾದವನ್ನಷ್ಟೇ ಕೂಡದೆಂದವು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನು. ಹೀಗಾಗಿ ಕೃಷ್ಣೆಯ ಈಚೆ ದಡದಲ್ಲಿ ಅಪರಾಧವಾದ ಚೀಲವು ಆಚೆ ದಡದಲ್ಲಿ ಸಭ್ಯವಾಗಿ ತೂಗಾಡಿತು. ಆಮೇಲೆ ಕೇಂದ್ರವು ಮಿತಿಯನ್ನು 2021ರ ಸೆಪ್ಟೆಂಬರಿನಿಂದ 75ಕ್ಕೆ, 2022ರ ಕೊನೆಯಿಂದ 120ಕ್ಕೆ ಏರಿಸಿತು. ದಪ್ಪವಾದರೆ ಬೆಲೆ ಏರುತ್ತದೆ, ಪುಕ್ಕಟೆ ಕೊಡುವುದು ನಿಲ್ಲುತ್ತದೆ, ಆಯುವವರಿಗೂ ಹೆಕ್ಕಿದ್ದಕ್ಕೆ ತೂಕ ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಬಸ್‌ನಿಲ್ದಾಣದ ಬಳಿ ಹೂವು ಕಟ್ಟಿಸಿಕೊಂಡ ಚೀಲವನ್ನು ಬೆರಳಿನ ನಡುವೆ ಉಜ್ಜಿ ನೋಡಿದೆವು: ನಮ್ಮ ಬೆರಳಿಗೆ ಮೈಕ್ರಾನು ಗೊತ್ತಾಗದು, ಆದರೆ ಆಚೆಯ ಅಕ್ಷರ ಓದುವಷ್ಟು ಅದು ತೆಳುವಾಗಿತ್ತು.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಗೊಳವೆಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಮಿಠಾಯಿಪೆಟ್ಟಿಗೆಗೆ ಸುತ್ತುವ ಹಾಳೆಯೂ ಆ ಪಟ್ಟಿಯಲ್ಲಿದೆ. ಸೀರೆಯ ಕವರಾಗಲಿ ಬಿಸ್ಕತ್ತಿನ ಹೊದಿಕೆಯಾಗಲಿ ಅದರಲ್ಲಿಲ್ಲ. ಹೊದಿಕೆ ಹೊರಡಿಸುವ ಕಂಪನಿಗಳೇ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು ನಿಯಮವಿದೆ; 2022ರ ಫೆಬ್ರವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂದಿತು. ಆದರೆ ಬೆಳಗಿನ ಜಾವ ಚರಂಡಿಯಿಂದ ಅದೇ ಕಂಪನಿಗಳ ಬಣ್ಣದ ಚೀಟಿಗಳನ್ನು ಎತ್ತುತ್ತಿದ್ದವರು ಪೌರಕಾರ್ಮಿಕ ಹೆಣ್ಣುಮಕ್ಕಳು. ಕೆಲವರ ಕೈಗೆ ಗವಸು ಇತ್ತು, ಕೆಲವರಿಗೆ ಇರಲಿಲ್ಲ. ದಂಡದ ಮಾತು ಬಂದಾಗಲೆಲ್ಲ ಅಂಗಡಿಯವನೂ ಗೃಹಿಣಿಯೂ ಮೊದಲು ಸಿಕ್ಕುತ್ತಾರೆ. ಚೀಟಿ ಮುದ್ರಿಸಿದವನು ದೂರದಲ್ಲಿರುತ್ತಾನೆ. ಇದು ನಮಗೆ ಸರಿ ಕಾಣಲಿಲ್ಲ.

ಗದ್ವಾಲಕ್ಕೆ ಜುರಾಲ ಅಣೆಕಟ್ಟಿನ ಮೇಲಿನ ದಾರಿಯಿಂದ ಹೋದೆವು. ರೈಲಿನ ಸೇತುವೆಯ ಕೆಳಗೆ ಹರಿದುಹೋದ ಕೃಷ್ಣೆಯೇ ಇಲ್ಲಿ ಬಂದು ನಿಲ್ಲುತ್ತಾಳೆ. ದಡದ ಕಲ್ಲುಗಳ ಸಂದಿನಲ್ಲಿ ಬಾಟಲಿಗಳು, ಚಪ್ಪಲಿಗಳು, ಮಿಂಚುವ ಚೂರುಗಳು. ಅವುಗಳ ಮೇಲಿದ್ದ ಅಕ್ಷರಗಳಲ್ಲಿ ಕನ್ನಡವೂ ಇತ್ತು, ತೆಲುಗೂ ಇತ್ತು. ಮೊಮ್ಮಗನು ಬಗ್ಗಿ ಬಗ್ಗಿ ನೋಡಿ, "ನನ್ನ ಪೊಟ್ಟಣ ಇಲ್ಲಿ ಬಂದದೇನು ತಾತಾ?" ಎಂದು ಕೇಳಿದನು. ಬಂದಿರಬಹುದು ಎಂದೆವು. ಅವನು ಅಲ್ಲಿಂದ ಗದ್ವಾಲದವರೆಗೂ ಮಾತನಾಡಲಿಲ್ಲ.

ಗದ್ವಾಲದ ಕೋಟೆ, ಅದರೊಳಗಿನ ಚೆನ್ನಕೇಶವನ ಗುಡಿ, ಕಾಲೇಜು ಇವುಗಳನ್ನು ನೋಡಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೂಲಿನ ಮೈಗೆ ರೇಷ್ಮೆಯ ಅಂಚನ್ನು ಕೂಡಿಸುವ ಇಲ್ಲಿನ ಸೀರೆಯನ್ನು ಮಡಿಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆಂದು ಹಿಂದಿನವರು ಹೊಗಳುತ್ತಿದ್ದರು. ನಮ್ಮವರು ಕೊಂಡ ಸೀರೆಯನ್ನು ಅಂಗಡಿಯವರು ತೊಟ್ಟಿಲಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಇಡಹೋದಾಗ ನಾವು ಬೇಡವೆಂದು, ತಂದಿದ್ದ ಬಟ್ಟೆಯ ಚೀಲವನ್ನು ಮುಂದೆ ಹಿಡಿದೆವು. ಅವರು ನಮ್ಮನ್ನು ಒಂದು ಸಲ, ಚೀಲವನ್ನು ಒಂದು ಸಲ ನೋಡಿ, ಪೆಟ್ಟಿಗೆಗೆ ಹಣವಿಲ್ಲವೆಂದು ಸಮಾಧಾನ ಹೇಳಿದರು.

ಮರಳಿ ಮಕ್ತಲಕ್ಕೆ ಬಂದಾಗ ರೈಲಿಗೆ ಎರಡು ಗಂಟೆ ಹೊತ್ತಿತ್ತು. ಅತ್ತೆವ್ವ ಎರಡು ಬುಟ್ಟಿಗಳನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ, ಸುಣ್ಣದ ಬಟ್ಟಲನ್ನೂ ಕಡ್ಡಿಯನ್ನೂ ತಂದಿಟ್ಟರು.

"ನಿಂದು ಅಕ್ಷರ ಚಂದ ಅದ. ಕನ್ನಡದಾಗ ಬರದು ಕೊಡಪ್ಪಾ."

ಹಸಿ, ಒಣ ಎಂದು ಬರೆಯಹೋದೆವು. ಅವರು ತಡೆದರು. ಒದ್ದೆ ಕವರೂ ಹಸಿಯೇ, ಒಣಗಿದ ಸಿಪ್ಪೆಯೂ ಒಣವೇ, ಅದರಿಂದಲೇ ಮಂದಿ ಗೊಂದಲಪಡುತ್ತಾರೆಂದು ಅವರ ತಕರಾರು. ಒಂದರ ಮೇಲೆ 'ತಿಪ್ಪೆಗೆ' ಎಂದೂ, ಇನ್ನೊಂದರ ಮೇಲೆ 'ಗಾಡಿಗೆ' ಎಂದೂ ಬರೆಸಿಕೊಂಡರು. ಹಿತ್ತಿಲಿನ ಹಳೆಯ ಜಾಗದಲ್ಲಿ ಹೋದ ವರ್ಷದಿಂದ ಮತ್ತೆ ತಿಪ್ಪೆ ಹಾಕಿದ್ದಾರೆಂಬುದು ನಮಗೆ ಆಗಲೇ ತಿಳಿದದ್ದು. ಆಕಳಿಲ್ಲದ ತಿಪ್ಪೆ, ಅಡುಗೆಮನೆಯದು ಮಾತ್ರ, ಮೊಣಕಾಲೆತ್ತರವಿದೆ. ಮಲ್ಲಿಗೆಯ ಬುಡಕ್ಕೂ ಎರಡು ಸಾಲು ಬದನೆಗೂ ಸಾಕಾಗುತ್ತದೆಯಂತೆ.

ಅವರ ಸೊಸೆ ವನಪರ್ತಿಯ ಕಡೆಯವರು, ಕನ್ನಡ ಮಾತನಾಡುತ್ತಾರೆ, ಓದಲಾರರು. ಶಾಲೆಯಿಂದ ಬಂದ ಅವರ ಮಗನು ಚೀಲ ಕೆಳಗಿಟ್ಟು, ನಮ್ಮ ಕೈಯ ಕಡ್ಡಿ ಇಸಿದುಕೊಂಡು, ಕನ್ನಡದ ಕೆಳಗೆ ಅದೇ ಎರಡು ಮಾತನ್ನು ತೆಲುಗಿನಲ್ಲಿ ಬರೆದನು. ಸುಣ್ಣ ಹಸಿಯಿರುವಾಗಲೇ ನಮ್ಮ ಮೊಮ್ಮಗನು ತನ್ನ ಜೇಬಿನಿಂದ ದಾರಿಯಲ್ಲಿ ಕೂಡಿಟ್ಟಿದ್ದ ಮೂರು ಚೀಟಿಗಳನ್ನು ತೆಗೆದು, ಯಾವ ಬುಟ್ಟಿಗೆಂದು ಅವನನ್ನು ಕೇಳಿದನು.